ಪದ ನಿಲ್ಲಿಸಿದ ನಾಟಿ

ನಾಟಿ ಪದ ಹಾಡಿ ಗೌಡರ ಬಾವಿ ನೀರು ತಂದರು ಅಂತ ಈಗ ನಮ್ಮ ಕೇರಿಯಲ್ಲಿ ಹೇಳಿಕೊಳ್ಳುತ್ತಾರೆ. ಸುಳ್ಳು. ಪದ ಕೇಳಿ ಯಾರೂ ನೀರು ಕೊಡಲಿಲ್ಲ. ಪದ ನಿಲ್ಲಿಸಿದ್ದಕ್ಕೆ ಕೊಟ್ಟರು.

ನಮ್ಮದು ಹೊಳೆನರಸೀಪುರದ ಕಡೆ, ನಾಲೆ ಕೆಳಗಿನ ಊರು. ಆ ಮಳೆಗಾಲದಲ್ಲಿ ಕೇರಿಯ ಬಾವಿ ಕುಸಿದುಬಿತ್ತು. ಗೌಡರ ಗದ್ದೆ ಪಕ್ಕದಲ್ಲಿ ಒಳ್ಳೆಯ ಬಾವಿ ಇತ್ತು. ಅಲ್ಲಿ ಅವರ ಎಮ್ಮೆಗಳಿಗೆ ನೀರು ಸೇದಿ ಹಾಕುತ್ತಿದ್ದರು, ನಮ್ಮ ಕೊಡ ಮಾತ್ರ ಹತ್ತಿರ ಸುಳಿಯುವಂತಿರಲಿಲ್ಲ. ನಾಲೆಯ ಕೆಂಪು ನೀರನ್ನೇ ಸೀರೆ ಸೆರಗಲ್ಲಿ ಸೋಸಿ ಕುಡಿದೆವು. ನನ್ನ ಚಿಕ್ಕ ಮಗಳಿಗೆ ಭೇದಿ ಹಿಡಿಯಿತು. ಕಣ್ಣು ಗುಳಿಬಿದ್ದು, ಅಳುವುದಕ್ಕೂ ಶಕ್ತಿ ಇರಲಿಲ್ಲ. ಔಷಧಿ ಕೊಟ್ಟ ಡಾಕ್ಟರು, ಒಳ್ಳೆ ನೀರು ಕುಡಿಸದಿದ್ದರೆ ಕೂಸು ಉಳಿಯಲ್ಲ ಅಂದುಬಿಟ್ಟರು.

ಅದೇ ಹೊತ್ತಿಗೆ ಗೌಡರ ಗದ್ದೆ ನಾಟಿ ಬಂತು. ನಾಟಿಯಲ್ಲಿ ಪದ ಎತ್ತಿಕೊಡುವವಳು ನಾನು. ನಾನು ಒಂದು ಸಾಲು ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲಿಗೆ ಸರಿಯಾಗಿ ಕೈ ನೆಡುತ್ತದೆ, ಹೆಂಗಸರ ಸಾಲೆಲ್ಲ ಒಟ್ಟಿಗೆ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸಂಜೆ ಹೆಂಗಸರಿಗೆ ಹೇಳಿದೆ, "ನಡುವೆ ಪದ ನಿಲ್ಲಿಸ್ತೀನಿ. ನೀವೂ ಕೈ ನಿಲ್ಸಿ."

ನನ್ನ ವಾರಗಿತ್ತಿ ಮುಖ ಸಿಂಡರಿಸಿದಳು. "ನೀನು ಪದ ನಿಲ್ಸು, ನಮ್ ಒಲೆ ಆರ್ಲಿ. ನಾಳಿಕ್ಕೆ ಕೂಲಿಗೆ ನಿಮ್ಮಪ್ಪ ಕರ್ದಾನಾ?"

"ನಾಲೆ ನೀರು ಕುಡ್ಕಂಡು ಒಲೆ ಉರ್ಸ್ಕೋ ಓಗು," ಅಂದೆ.

ಬೇರೆ ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದೇ ಭಯ. ನಾನೊಬ್ಬಳೇ ನಿಂತರೆ ಕೂಲಿಯೂ ಹೋಯಿತು, ನೀರೂ ಹೋಯಿತು.

ಬೆಳಿಗ್ಗೆ ಪೈರು ಕಿತ್ತು ಕಂತೆ ಕಟ್ಟಿ ಹರಡಿದ್ದರು. ಗೌಡರು ಬದುವಿನ ಮೇಲೆ ನಿಂತಿದ್ದರು. ಕೆಸರಿಗಿಳಿದು ನಾನೇ ಕಟ್ಟಿದ ಪದ ಎತ್ತಿದೆ:

ಎತ್ತು ಕುಡುದೊ, ಎಮ್ಮೆ ಕುಡುದೊ ಗೌಡ್ರ ಬಾವೀಲಿ
ನೆಟ್ಟ ಕೈಗೆ ನೀರೇ ಇಲ್ಲ, ಯಾವ ನ್ಯಾಯವ್ವಾ

ಗೌಡರು ನಕ್ಕರು. "ಏನಮ್ಮೀ, ಪದ ಬಲು ಜೋರಾಗೈತೆ! ಅಂಗೇ ಯೋಳ್ಕಂಡು ಬಿರ್ನೆ ನೆಡ್ರಿ."

ಪದದಿಂದ ಆದದ್ದು ಅಷ್ಟೇ.

ಅರ್ಧ ಗದ್ದೆ ಮುಗಿದಾಗ ಬಾಯಿ ಮುಚ್ಚಿ ಸೊಂಟ ನೆಟ್ಟಗೆ ಮಾಡಿದೆ. ಎಡಗಡೆಯವರ ಕೈಗಳು ಇನ್ನೂ ಕೆಸರಲ್ಲಿ ಆಡುತ್ತಿದ್ದವು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಒಂದು ಕೈ ನಿಂತಿತು, ಇನ್ನೊಂದು ನಿಂತಿತು. ಆಮೇಲೆ ಸಾಲೆಲ್ಲ ಸೊಂಟ ನೆಟ್ಟಗೆ ಮಾಡಿತು.

"ಯಾಕ್ ನಿಂತ್ಬುಟ್ರಿ?" ಗೌಡರು ಕೂಗಿದರು.

ನನ್ನ ವಾರಗಿತ್ತಿಯೇ ಹೇಳಿದಳು, "ಗಂಟ್ಲು ಒಣಗೈತೆ ಬುದ್ಧಿ. ಬಾವಿ ನೀರು ಬಿದ್ರೆ ಪದ ಬರ್ತದೆ."

ಗೌಡರು ಬೈದರು. ಬೇರೆ ಊರಿನ ಆಳು ತರಿಸುತ್ತೇನೆ ಅಂದರು. ಬಿಸಿಲು ಏರಿತು, ಕಂತೆಯ ಗರಿ ಬಾಡತೊಡಗಿತು. ಬೇರೆ ಆಳು ಬರುವಷ್ಟರಲ್ಲಿ ಕಿತ್ತ ಪೈರು ಒಣಗುತ್ತಿತ್ತು. ನಾವು ಬದುವಿನ ಮೇಲೆ ಕೂತೇ ಇದ್ದೆವು. ಕೊನೆಗೆ, "ನಾಳಿಂದ ಸೇದ್ಕಳ್ರಿ. ಸೇದೋ ಹಗ್ಗ ನೀವೇ ತನ್ನಿ," ಅಂದರು.

ಕಿತ್ತ ಪೈರನ್ನಷ್ಟೇ ನೆಟ್ಟು ಎದ್ದೆವು. ಗೌಡರು ಮಾತು ತಿರುಗಿಸಿದರೆ ಅನ್ನುವ ಹೆದರಿಕೆ ಹೋಗಿರಲಿಲ್ಲ. ನೆಡಬೇಕಾದ ಗದ್ದೆ ಇನ್ನೂ ಉಳಿದಿದೆ ಅನ್ನುವುದೊಂದೇ ಧೈರ್ಯ.

ಮಾರನೆಯ ಬೆಳಿಗ್ಗೆ ನಮ್ಮ ಎಮ್ಮೆ ಕಟ್ಟುವ ಹಗ್ಗ ಬಿಚ್ಚಿಕೊಂಡು, ಕೊಡ ತೊಳೆದುಕೊಂಡು ಬಾವಿಗೆ ಹೋದೆ. ಗೌಡರು ಅಲ್ಲೇ ಹಲ್ಲುಜ್ಜುತ್ತ ನಿಂತಿದ್ದರು. ಅವರ ಮುಖ ನೋಡಲಿಲ್ಲ. ನೀರು ಸೇದಿ ತಂದು, ಕಾಯಿಸಿ ಆರಿಸಿ, ಕೂಸಿಗೆ ಕುಡಿಸಿದೆ.