ಅಕ್ಕೋರು ತಗೊಂಡ ಹಾರ್ನ್

ಮೀನು ಮಾರುವವನ ಸೈಕಲ್ಲಿನ ಹಾರ್ನ್ ಬಿಚ್ಚಿಸಿಕೊಳ್ಳುವುದು ಯಾವ ನ್ಯಾಯ? ಭಾಗ್ಯಲಕ್ಷ್ಮಿ ಅಕ್ಕೋರ ಮೇಲೆ ನನಗೆ ಆ ಸಿಟ್ಟು ಇವತ್ತಿಗೂ ಇದೆ. ಒಳ್ಳೆ ಟೀಚರು ಅಂತ ಮಾವಳ್ಳಿಯೆಲ್ಲ ಹೊಗಳಲಿ, ನನ್ನದನ್ನೂ ಕೇಳಿ.

ನನ್ನ ಮಗಳು ಗಂಗಾ ಆರು ವರ್ಷವಾದರೂ ಮಾತಾಡಲಿಲ್ಲ, ಕರೆದರೆ ತಿರುಗಲಿಲ್ಲ. ಕುಮಟೆಯ ಡಾಕ್ಟರು ಆಟಿಸಂ ಅಂದರು. ಅವಳು ನನ್ನ ಹತ್ತಿರ ಬರುತ್ತಿದ್ದದ್ದು ಒಂದಕ್ಕೇ, ಹಾರ್ನಿನ ರಬ್ಬರ್ ಉಂಡೆ ಒತ್ತಿ ಪೋಂ ಅನ್ನಿಸುವುದಕ್ಕೆ. ಒಂದು ಸಲ ಅಪ್ಪ ಅನ್ನಲಿ ಅಂತ ಬೇಕಾದಷ್ಟು ಒತ್ತಲು ಬಿಡುತ್ತಿದ್ದೆ.

2004ರಲ್ಲಿ ಊರ ಶಾಲೆಗೆ ಹಾಕಿದೆವು. ಅಕ್ಕೋರು ಹೊನ್ನಾವರದ ಕಡೆಯವರು, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು, ದನಿ ಏರಿಸಿದವರಲ್ಲ. ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ ಬಂದಿದ್ದರು. ಕೆಲವು ದಿನ ಗಂಗಾಳನ್ನು ನೋಡಿ ನನ್ನನ್ನು ಕರೆಸಿದರು.

"ಶುಕ್ರಣ್ಣ, ಹಾರ್ನ್ ನಂಗೆ ಕೊಡಿ. ಬೇರೆ ಹಾಕ್ಕೊಬೇಡಿ."

"ಮತ್ತೆ ನಾ ಮೀನು ಮಾರೂದು ಎಂತದ್ರಲ್ಲಿ?"

"ಬಾಯಿಲ್ವಾ? ಮನೇಲಿ ಪುಕ್ಕಟೆ ಸಿಕ್ಕಿದ್ರೆ ಇಲ್ಲಿ ಅದಕ್ಕೋಸ್ಕರ ಅವಳು ಯಾಕೆ ಕೂತ್ಕೊಳ್ತಾಳೆ?"

ಬಿಚ್ಚಿ ಕೊಟ್ಟೆ. ಶಾಲೆಯಲ್ಲಿ ಗಂಗಾ ಚಾಪೆ ಮೇಲೆ ಚೂರು ಕೂತರೆ ಪೋಂ. ಮುಖ ನೋಡಿದರೆ ಪೋಂ. ಕಿರುಚಿದರೆ ಹಾರ್ನ್ ಸೆರಗಿನೊಳಗೆ; ಬೈಗುಳವಿಲ್ಲ, ಪೆಟ್ಟಿಲ್ಲ. ನಾನು ಶಾಲೆಯ ಹಿಂದಿನ ದಾರಿಯಲ್ಲಿ ಬಂಗಡೆ, ಬಂಗಡೆ ಅಂತ ಗಂಟಲು ಹರಿದುಕೊಳ್ಳುವಾಗ ಕಿಟಕಿಯಿಂದ ನನ್ನದೇ ಹಾರ್ನ್ ಕೇಳುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

"ಶುಕ್ರಾ, ನಿನ್ನ ಹಾರ್ನ್ ಒಂದನೇ ಕ್ಲಾಸು ಪಾಸಾತಾ? ನೀ ಅಷ್ಟೂ ಓದ್ಲಿಲ್ಲ," ಅಂತ ಮೀನು ಕೊಳ್ಳಲು ಬಂದ ದುರ್ಗಿ ನಕ್ಕಳು.

ದೀಪಾವಳಿಗೆ ಮುಂಚೆ ಗಂಗಾ ಕ್ಲಾಸಿನಲ್ಲಿ ಬಾಯಿ ಬಿಟ್ಟಳು. "ಅಕ್ಕೋ, ಪೋಂ." ಸುದ್ದಿ ಕೇಳಿ ಹೆಂಡತಿ ಸೀತೆ ಕಣ್ಣೊರೆಸಿಕೊಂಡಳು. ನಾನು ಶಾಲೆಗೆ ನುಗ್ಗಿ ಮೇಜಿನ ಮೇಲಿದ್ದ ಹಾರ್ನಿಗೆ ಕೈ ಹಾಕಿದೆ.

"ಸಾಕಿದ್ದು ನಾನು. ಮೊದ್ಲು ಕರೆಯೂದು ನಿಮ್ಮನ್ನಾ?"

ಅಕ್ಕೋರು ತಡೆಯಲಿಲ್ಲ. "ತಗೊಂಡು ಹೋಗಿ. ಇನ್ನು ಅದು ನಿಮ್ಮ ಕೈಲೇ ಇರ್ಬೇಕು. ಅಪ್ಪ ಅನ್ನೂದು ಹೇಳಿಕೊಡ್ತಾ ಇದ್ದೇನೆ. ಅವಳು ಮುಖ ನೋಡಿ ಕೇಳೋ ತನಕ ಒತ್ಬೇಡಿ. ಗದರ್ಬೇಡಿ."

ಆ ಸಂಜೆ ಗಂಗಾ ನನ್ನ ಕೈ ಎಳೆದಳು, ಕಿರುಚಿದಳು, ಕಚ್ಚಿದಳು. ತುಟಿ ಬಿಗಿದು ಕೂತೆ. ಕೊನೆಗೆ ತಲೆ ಎತ್ತಿ ನೋಡಿದಳು.

"ಅಪ್ಪ, ಪೋಂ."

ಅಕ್ಕಪಕ್ಕದವರು ಓಡಿ ಬರುವಷ್ಟು ಒತ್ತಿದೆ. ಆದರೂ ಆ ಮಾತನ್ನು ಅವಳ ಬಾಯಿಗೆ ಇಟ್ಟದ್ದು ನಾನಲ್ಲ. ಅದು ಇನ್ನೂ ಚುಚ್ಚುತ್ತದೆ.

ಎರಡು ವರ್ಷ ಕಳೆದು ಅಕ್ಕೋರಿಗೆ ಹೊನ್ನಾವರಕ್ಕೆ ವರ್ಗವಾಯಿತು. ಅಷ್ಟರಲ್ಲಿ ಗಂಗಾಳಿಗೆ ಹಾರ್ನಿನ ಬದಲು ಒಂದು ಚಪ್ಪಾಳೆ ಸಾಕಾಗುತ್ತಿತ್ತು. ಹೊಸ ಶಾಲೆಯಲ್ಲೂ ಇಂಥದೇ ಒಂದು ಮಗು, ಸದ್ದೆಂದರೆ ಪ್ರಾಣವಂತೆ. "ಹಾರ್ನ್ ಕೊಡ್ತೀರಾ, ಶುಕ್ರಣ್ಣ?" ಅಂದರು.

"ಆತು, ಬಸ್ಸಿಗೆ ತಂದು ಕೊಡ್ತೆ."

ನಾನು ಹೋಗಲಿಲ್ಲ, ಬಸ್ಸು ಹೋಯಿತು. ನನ್ನ ಹಾರ್ನಿಗೆ ಇನ್ನೊಬ್ಬರ ಮಗು ಅಪ್ಪ ಅನ್ನುವುದು ನೆನೆದರೇ ಮೈ ಉರಿಯುತ್ತದೆ. ಅವರು ಮತ್ತೆ ಕೇಳಲಿಲ್ಲ. ಹಾರ್ನ್ ಈಗಲೂ ನನ್ನ ಸೈಕಲ್ಲಿನಲ್ಲೇ ಇದೆ.