ರೇಡಿಯೋ ಶಾಲೆಯಲ್ಲಿ ಕುಳಿತಿರಲಾರದವಳು

ಕುಳಿತಲ್ಲಿ ಕುಳಿತಿರುವುದು ನನ್ನಿಂದಾಗದ ಕೆಲಸ. ಮೈಮೇಲೆ ಹುತ್ತ ಬೆಳೆಯುವವರೆಗೆ ತಪಸ್ಸಿಗೆ ಕೂತ ಋಷಿಗಳ ಕಥೆ ಕೇಳಿದಾಗಲೆಲ್ಲ, ಅಲ್ಲಿಯವರೆಗೆ ಅವರ ಮನೆಯ ಒಲೆ ನೋಡಿಕೊಂಡವರು ಯಾರಪ್ಪಾ ಎಂದು ನನಗೆ ಚಿಂತೆ. ಹಾವೇರಿಯಿಂದ ಬ್ಯಾಡಗಿ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ, "ಕಾಲಿಗೆ ಗಾಲಿ ಕಟ್ಟಿ ಕಳಿಸ್ಯಾರೇನವಾ ನಿಮ್ಮವ್ವ?" ಎಂದು ಕೇಳಿದ್ದರು.

ಶಾಲೆಯ ಕಾಟ ಮುಗಿಯಿತೆಂದೇ ಮದುವೆಗೆ ಒಪ್ಪಿದವಳು ನಾನು. ಇಲ್ಲಿ ನೋಡಿದರೆ ರೇಡಿಯೋ ಶಾಲೆ! ಎಂಬತ್ತರ ದಶಕದ ಮಾತು. ರೈತರಿಗೆಂದು ವಾರಕ್ಕೊಮ್ಮೆ ಸಂಜೆ ರೇಡಿಯೋದಲ್ಲಿ ಪಾಠ ಬರುತ್ತಿತ್ತು. ಹೊಲದಲ್ಲೇ ತಲೆ ನರೆಸಿದ ಮಾವ ಮುಖ ತೊಳೆದು, ರುಮಾಲು ಸುತ್ತಿ ಅದರ ಮುಂದೆ ಕೂರುವರು. ಪಡಸಾಲೆಯ ತುಂಬ ಓಣಿಯವರು. "ಮೆಣಸಿನಕಾಯಿ ಒಣಸೋರು ಹೆಂಗಸ್ರು. ಅವ್ರೂ ಕೇಳ್ಬೇಕು" ಎಂಬುದು ಮಾವನ ಕಾನೂನು. "ಹೌದ್ರಿ ಸಾಹೇಬ್ರ" ಎಂದು ರೇಡಿಯೋಕ್ಕೇ ಉತ್ತರ ಕೊಡುವರು. ಪಾಠದ ನಡುವೆ ಎದ್ದರೆ ಗುರುಗಳಿಗೆ ಅವಮಾನವಂತೆ. ನನಗೋ ಜೀವ ಚಡಪಡಿಸುತ್ತಿತ್ತು.

ಆ ಸಲ ವರ್ಷದ ಬೆಳೆಯಷ್ಟೂ ಹಿತ್ತಿಲ ಕಣದಲ್ಲಿ ಒಣಗಲು ಹರಡಿತ್ತು. ತೊಯ್ದು ಬಣ್ಣಗೆಟ್ಟರೆ, ಬೂಸ್ಟು ಹಿಡಿದರೆ, ಬ್ಯಾಡಗಿ ಪೇಟೆಯಲ್ಲಿ ಮೂಸಿ ನೋಡುವವರಿಲ್ಲ. ಅವತ್ತಿನ ಪಾಠವೂ ಅದೇ: ಕಣದ ಮೆಣಸಿನಕಾಯಿಯನ್ನು ಅಕಾಲ ಮಳೆಯಿಂದ ಕಾಯುವುದು ಹೇಗೆ. ನಡುವೆ ರೇಡಿಯೋ ಚರಚರ ಎಂದಿತು. ಮಾವ ಅದರ ನೆತ್ತಿಗೊಂದು ಬಡಿದರು. ಮತ್ತೆ ಚರಚರ. ತವರಿನ ರೇಡಿಯೋ ಹೀಗೆ ಅರಚಿದಾಗಲೆಲ್ಲ ಎಲ್ಲೋ ಮಿಂಚಿರುತ್ತಿತ್ತು.

"ಮಾವಾರ, ಮಳಿ ಬರಂಗೈತ್ರಿ."

"ಅದನ್ನ ಹೇಳಾಕತ್ತಾರಲ್ಲವಾ, ಕುಂತು ಕೇಳು."

ಕೂರಲಾಗಲಿಲ್ಲ. ಎದ್ದು ಹಿತ್ತಿಲಿಗೆ ಓಡಿದೆ. ಮೆಣಸಿನಕಾಯಿಗೆ ಹೊದಿಸಲು ತಾಡಪತ್ರಿಯ ಒಂದು ತುದಿ ಎಳೆದಿದ್ದೆನಷ್ಟೆ, ದಪ್ಪ ಹನಿ ಬಿತ್ತು. "ಲಗೂನ ಬರ್ರಿ!" ಎಂದು ಕಿರುಚಿದೆ. ಆಗ ಇಡೀ ಶಾಲೆ ಎದ್ದು ಬಂತು. ಅಂಚಿನ ಒಂದಿಷ್ಟು ತೊಯ್ದವು, ಉಳಿದದ್ದೆಲ್ಲ ಉಳಿಯಿತು. ಒಳಗೆ ಪಾಠ ಖಾಲಿ ಪಡಸಾಲೆಗೆ ನಡೆದೇ ಇತ್ತು.

ಮಾವ ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. "ಇನ್ನ ಮ್ಯಾಲೆ ನೀ ಕುಂದ್ರಬ್ಯಾಡವಾ. ಬಾಗಲದಾಗ ನಿಂದ್ರು. ಮುಗಲ ನೋಡಾಕ ಒಬ್ರಾದ್ರೂ ಬೇಕು."

ಮುಂದಿನ ವಾರ ಬಾಗಿಲಲ್ಲಿ ನಿಂತೆ. ಎಲ್ಲಿ ಬೇಕಾದರೂ ಹೋಗಬಹುದು, ತಡೆಯುವವರಿಲ್ಲ. ಎಂಥ ಸುಖ! ಮುಗಿಲು ನೋಡಿದೆ, ಕಣ ನೋಡಿದೆ. ಒಳಗೆ ರೇಡಿಯೋ ಬಿತ್ತುವ ಬೀಜ ಆರಿಸುವುದು ಹೇಗೆಂದು ಹೇಳುತ್ತಿತ್ತು. ಅದನ್ನು ಕೇಳಲೆಂದು ಒಂದು ಹೆಜ್ಜೆ ಒಳಗಿಟ್ಟೆ, ಇನ್ನೊಂದಿಟ್ಟೆ. ಅತ್ತೆ ಸರಿದು ಜಾಗ ಕೊಟ್ಟರು. ಕೂತೆ. ಪಾಠ ಮುಗಿದ ಮೇಲೆಯೇ ಬಾಗಿಲ ನೆನಪಾಗಿದ್ದು. ಗಾಬರಿಯಾಗಿ ತಿರುಗಿದರೆ, ನನ್ನ ಜಾಗದಲ್ಲಿ ಮಾವ ನಿಂತಿದ್ದರು. ಕಿವಿ ರೇಡಿಯೋದತ್ತ, ಕಣ್ಣು ಮುಗಿಲಿನತ್ತ.