ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್

"ಹಲ್ಲಿಗೆ ಕ್ಲಿಪ್ ಹಾಕಿಸುವಾ ಅಂತ ಉಂಟು."

ಶುಕ್ರವಾರ ಬೆಳಿಗ್ಗೆ ನೀರುದೋಸೆಯ ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಹೆಂಡತಿ ಸುಜಾತ ಹೀಗಂದಳು. ಮಗಳಿಗೆ ಇರಬೇಕು ಅಂದುಕೊಂಡೆ. ಅಲ್ಲ, ಅವಳಿಗೇ! ವಯಸ್ಸು ನಲವತ್ತು ದಾಟಿದೆ. (ಎಷ್ಟು ದಾಟಿದೆ ಎಂದು ಬರೆದರೆ ಮುಂದಿನ ಶುಕ್ರವಾರ ದೋಸೆ ಸಿಗಲಿಕ್ಕಿಲ್ಲ.)

"ಈಗ ಎಂತಕ್ಕೆ? ನಿನ್ನ ಹಲ್ಲಿಗೆ ಎಂತ ಆಗಿದೆ?"

ಬಾಯಿ ತೆರೆದು ಮೇಲಿನ ಸಾಲಿನ ಒಂದು ಹಲ್ಲು ತೋರಿಸಿದಳು. ಪಕ್ಕದ ಹಲ್ಲಿನ ಮೇಲೆ ಏರಿ ಕೂತಿದೆ. ಇಷ್ಟು ವರ್ಷ ಇವಳ ಎದುರಿಗೇ ಕೂತು ಉಂಡವನು ನಾನು. ದೇವರಾಣೆ, ಅದನ್ನು ನೋಡಿದ್ದು ಅವತ್ತೇ.

"ಯಾರಿಗೂ ಕಾಣುವುದಿಲ್ಲ ಮಾರಾಯ್ತಿ. ನೀನು ಚೆಂದವೇ ಇದ್ದಿ."

ಪ್ರೀತಿಯಿಂದಲೇ ಹೇಳಿದ್ದು. ಅವಳ ಮುಖ ಯಾಕೆ ಬಾಡಿತೋ ತಿಳಿಯಲಿಲ್ಲ.

ಅಂತೂ ಇಲ್ಲಿ ಗಲ್ಫಿನಲ್ಲಿ, ಅಲ್ ನಹ್ದಾದ ನಮ್ಮ ಬಿಲ್ಡಿಂಗಿನ ಹಿಂದಿರುವ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಈಜಿಪ್ಟಿನವರು, ನಗುಮುಖದ ಹೆಂಗಸು. ಎದುರಿನಿಂದ ಒಂದು ಫೋಟೋ, ಪಕ್ಕದಿಂದ ಒಂದು, ನಗಿಸಿ ಇನ್ನೊಂದು ತೆಗೆದರು. ಆಮೇಲೆ ಸ್ಕ್ರೀನಿನಲ್ಲಿ ಪಕ್ಕದ ಫೋಟೋದ ಮೇಲೆ ಗೆರೆ ಎಳೆದರು.

"ಹಲ್ಲು ದೊಡ್ಡ ವಿಷಯವೇ ಅಲ್ಲ. ನೋಡಿ, ಗದ್ದ ಸ್ವಲ್ಪ ಹಿಂದಿದೆ. ಅದನ್ನು ಮುಂದೆ ತಂದರೆ ಪ್ರೊಫೈಲ್ ಪರ್ಫೆಕ್ಟ್!"

ಗದ್ದವೇ? ಸ್ಕ್ರೀನ್ ನೋಡಿದೆ. ಸುಜಾತಳನ್ನು ನೋಡಿದೆ. ಮತ್ತೆ ಸ್ಕ್ರೀನ್ ನೋಡಿದೆ. ನನಗೆ ಕಂಡದ್ದು ಒಂದು ಗದ್ದ, ಇರಬೇಕಾದ ಕಡೆಯೇ ಇತ್ತು.

ಮಜಾ ನೋಡಿ. ಇರುವುದು ಒಂದೇ ಮುಖ. ಡಾಕ್ಟರಿಗೆ ಗದ್ದ ಕಾಣುತ್ತದೆ, ಇವಳಿಗೆ ಹಲ್ಲು ಕಾಣುತ್ತದೆ, ನನಗೆ ಎರಡೂ ಇಲ್ಲ. ಯಾರ ಕಣ್ಣು ಸರಿ?

"ಗದ್ದಕ್ಕೆ ಆಪರೇಷನ್ ಬೇಕಾ?" ಸುಜಾತ ಕೇಳಿದಳು. ಹೌದಂತೆ. "ಈಗ ಅಗಿಯಲಿಕ್ಕೆ, ಮಾತಾಡಲಿಕ್ಕೆ ಏನಾದರೂ ತೊಂದರೆ ಉಂಟಾ?" ಇಲ್ಲವಂತೆ. ಬರೀ ಅಂದಕ್ಕಂತೆ.

"ಹಾಗಾದರೆ ಗದ್ದ ಖಲಾಸ್! ಹಲ್ಲು ಮಾತ್ರ."

ಡಾಕ್ಟರು ಜೋರಾಗಿ ನಕ್ಕರು. ಸುಜಾತಳೂ ನಕ್ಕಳು, ಬಾಯಿಗೆ ಅಂಗೈ ಅಡ್ಡ ಹಿಡಿದು. ಡಾಕ್ಟರ ನಗು ನಿಂತಿತು.

"ಯಾವಾಗಿನಿಂದ ಹೀಗೆ ಕೈ ಅಡ್ಡ ಹಿಡಿಯುತ್ತೀರಿ?"

"ಹೈಸ್ಕೂಲಿನಿಂದ," ಅಂದಳು ಸುಜಾತ. "ನನ್ನ ಹಲ್ಲು ನೋಡಿ ಮೇಷ್ಟ್ರೊಬ್ಬರು ಕ್ಲಾಸಿನಲ್ಲೇ ತಮಾಷೆ ಮಾಡಿದ್ದರು. ಎಲ್ಲರೂ ನಕ್ಕಿದ್ದರು."

ಆ ಕೈಯನ್ನು ನಾನು ನೋಡದ್ದಲ್ಲ. ನಮ್ಮ ಮದುವೆ ಆಲ್ಬಮ್ಮಿನಲ್ಲೂ ಇದೆ. ನಾಚಿಕೆ ಅಂದುಕೊಂಡಿದ್ದೆ! ನಮ್ಮ ಉಡುಪಿ ಕಡೆಯ ಹುಡುಗಿಯರ ಸಂಕೋಚವೇ ಚೆಂದ ಅಂತ ಗೆಳೆಯರ ಹತ್ತಿರ ಹೊಗಳಿದ್ದೂ ಉಂಟು.

ಕ್ಲಿಪ್ ಬಂತು. ಮೊದಲ ವಾರ ಗಂಜಿಯೇ ಗತಿ. ಕೆನ್ನೆಯ ಒಳಗೆಲ್ಲ ತಂತಿ ತಾಗಿ ಹುಣ್ಣು. "ಅಮ್ಮಾ, ಯು ಲುಕ್ ಲೈಕ್ ಮೈ ಕ್ಲಾಸ್‌ಮೇಟ್," ಅಂದಳು ಮಗಳು. ಇವಳಿಗೆ ಬೇಜಾರಾಗುತ್ತದೆ ಅಂತ ನನಗೆ ಹೆದರಿಕೆ. ಇವಳಿಗೆ ಖುಷಿಯೇ ಆಯಿತು!

ಮೊನ್ನೆ ಗೆಳೆಯರೊಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟ. ಯಾರೋ ಏನೋ ಜೋಕ್ ಹೇಳಿದರು. ಸುಜಾತ ಜೋರಾಗಿ ನಕ್ಕಳು. ಬಾಯಿ ತುಂಬ ತಂತಿ, ಫಳಫಳ. ಎರಡೂ ಕೈ ಮಡಿಲಲ್ಲೇ ಇದ್ದವು.

ವಾಪಸು ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದೆ. "ಹಲ್ಲು ಇನ್ನೂ ಇದ್ದಲ್ಲೇ ಉಂಟಲ್ಲ? ಮತ್ತೆ ಕೈ ಹೇಗೆ ಕೆಳಗೆ ಬಂತು?"

"ಇನ್ನು ಅಡಗಿಸಲಿಕ್ಕೆ ಎಂತ ಉಂಟು?" ಅಂದಳು. "ನನ್ನ ಹಲ್ಲು ಸೊಟ್ಟ ಅಂತ ನಾನೇ ಬೋರ್ಡು ಹಾಕಿ ಆಯ್ತಲ್ಲ."

ಹಲ್ಲು ಸಾಲಿಗೆ ಬರಲು ಇನ್ನೂ ವರ್ಷದ ಮೇಲೆ ಬೇಕಂತೆ. ನಿಧಾನ ಬರಲಿ, ನನಗೇನೂ ಅರ್ಜೆಂಟಿಲ್ಲ.

ಹೆಂಡತಿಯ ನಗುವಿಗೆ ಇಷ್ಟು ದೊಡ್ಡ ಸದ್ದು ಉಂಟು ಅಂತ ಗೊತ್ತಾಗಲಿಕ್ಕೆ ಒಬ್ಬ ಗಂಡನಿಗೆ ಎಷ್ಟು ವರ್ಷ ಬೇಕು ಮಾರಾಯ್ರೆ?